ಬೆಂಗಳೂರಿನಿಂದ ಕಾರಿನಲ್ಲಿ ಬಿಸಿನೀರಿನ ಬುಗ್ಗೆಗೆ: ಹೊರಡುವ ಮುಂಚೆಯಿಂದ ವಾಪಸ್ ಬರುವ ತನಕ

ಬೆಂಗಳೂರಿನವರಿಗೆ ಬಿಸಿನೀರಿನ ಬುಗ್ಗೆ ಹತ್ತಿರದಲ್ಲಿ ಯಾವುದೂ ಇಲ್ಲ. ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ವರ್ಷವಿಡೀ ನೀರು ಬರುತ್ತದೆ, ಆದರೆ ಅದು ತಣ್ಣೀರು. ನಂದ್ಯಾಲದ ಹತ್ತಿರದ ಮಹಾನಂದಿಯ ಕೊಳದ ನೀರು ತಳ ಕಾಣುವಷ್ಟು ತಿಳಿ. ಚಳಿಗಾಲದ ಬೆಳಗ್ಗೆ ಇಳಿದರೆ ಬೆಚ್ಚಗೆ ಅನ್ನಿಸುತ್ತದೆ, ಆದರೂ ಅದನ್ನು ಬಿಸಿನೀರಿನ ಬುಗ್ಗೆ ಎನ್ನಲಾಗದು. ನಿಜವಾದ ಬಿಸಿನೀರು ಬೇಕೆಂದರೆ ಪಶ್ಚಿಮ ಘಟ್ಟ ಇಳಿದು ಕರಾವಳಿ ಕಡೆಗೆ ಹೋಗಬೇಕು.

ಅಂದರೆ ನೀರಲ್ಲಿ ಕೂರುವುದು ಕಾಲು ಗಂಟೆ, ಅದಕ್ಕಾಗಿ ಗಾಡಿ ಓಡಿಸುವುದು ದಿನಗಟ್ಟಲೆ. ಹಾಗಾಗಿ ಬುಗ್ಗೆಯೊಂದನ್ನೇ ನೆಚ್ಚಿಕೊಂಡು ಹೊರಡಬೇಡಿ. ಘಟ್ಟ, ಊಟ, ದೇವಸ್ಥಾನ, ಕಡಲು ಎಲ್ಲ ಸೇರಿಸಿ ಒಂದು ಪ್ರವಾಸ ಮಾಡಿ, ಅದರೊಳಗೆ ಬುಗ್ಗೆಯೂ ಇರಲಿ. ಇನ್ನೊಂದು ವಿಷಯ, ಮ್ಯಾಪ್ ತೆರೆಯುವ ಮುಂಚೆ ನೀರು ಎಷ್ಟು ಡಿಗ್ರಿ ಅಂತ ವಿಚಾರಿಸಿ. ಎಲ್ಲಿಗೆ ಹೋಗಬೇಕು, ಯಾರನ್ನು ಕರೆದುಕೊಂಡು ಹೋಗಬೇಕು, ಯಾವಾಗ ಇಳಿಯಬೇಕು ಎಲ್ಲವೂ ಅದರ ಮೇಲೆಯೇ ನಿಂತಿದೆ.

ಎಲ್ಲಿಗೆ?

ದೇಶದಲ್ಲಿ 300ಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳಿವೆ. ಬೆಂಗಳೂರಿನಿಂದ ರಸ್ತೆಯಲ್ಲಿ ಹೋಗಿ ಬರಲು ಆಗುವಂಥವು ಕೆಲವೇ.

ಎರಡು ದಿನ ರಜೆ ಇದ್ದರೆ ಪುತ್ತೂರು. ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ, ಸೀರೆ ಹೊಳೆಯ ದಂಡೆಯಲ್ಲಿ ಬೇಂದ್ರು ತೀರ್ಥ ಇದೆ. ಕರ್ನಾಟಕದಲ್ಲಿ ಬಿಸಿನೀರಿನ ಬುಗ್ಗೆ ಎಂದು ಹೆಸರಾದದ್ದು ಇದೊಂದೇ. ನೀರು ಮೈಬಿಸಿಯ ಆಸುಪಾಸಿನಲ್ಲಿ ಇರುತ್ತದೆ, ಅಷ್ಟೇ. ಹಬೆಯಾಡುವ ಕೊಳವನ್ನು ಕಲ್ಪಿಸಿಕೊಂಡು ಹೋದರೆ ಬೇಜಾರಾಗುತ್ತದೆ. ಸಣ್ಣ ಮಕ್ಕಳಿರುವ ಮನೆಯವರಿಗೆ ಮಾತ್ರ ಇಷ್ಟು ಬಿಸಿಯೇ ಸರಿ.

ಐದು ದಿನ ಇದ್ದರೆ ಮಹಾರಾಷ್ಟ್ರದ ಕೊಂಕಣ. ಅಲ್ಲಿ ಕಡಲಿಗೂ ಸಹ್ಯಾದ್ರಿಗೂ ನಡುವೆ, ಉತ್ತರದಿಂದ ದಕ್ಷಿಣಕ್ಕೆ ಸುಮಾರು 350 ಕಿ.ಮೀ. ಉದ್ದಕ್ಕೆ ಬುಗ್ಗೆಗಳ ಒಂದು ಸಾಲೇ ಇದೆ. ಈ ಸಾಲಿನ ದಕ್ಷಿಣದ ತುದಿ ರಾಜಾಪುರ, ಅಂದರೆ ನಮಗೆ ಹತ್ತಿರದ ತುದಿ. ರಾಜಾಪುರದ ಪಕ್ಕದ ಉನ್ಹಾಳೆಯಲ್ಲಿ ನೀರು 40 ಡಿಗ್ರಿಯ ಆಸುಪಾಸು. ಮೇಲಕ್ಕೆ ಹೋದರೆ ಸಂಗಮೇಶ್ವರದ ಹತ್ತಿರ ತುರಳ, ರಾಜವಾಡಿ, ಆರವಲಿ. ಇವು ಮುಂಬೈ–ಗೋವಾ ಹೆದ್ದಾರಿಗೆ ಅಂಟಿಕೊಂಡ ಹಾಗೇ ಇವೆ. ತುರಳದಲ್ಲಿ ನೀರು 60 ಡಿಗ್ರಿ ಹತ್ತಿರ ಇರುತ್ತದೆ. ಗೀಸರ್ ನೀರಿಗೆ ತಣ್ಣೀರು ಬೆರೆಸದೆ ತಲೆ ಮೇಲೆ ಸುರಿದುಕೊಂಡರೆ ಹೇಗೋ ಹಾಗೆ. ಇನ್ನೂ ಉತ್ತರದ ಉನ್ಹವರೆಯಲ್ಲಿ 70 ಡಿಗ್ರಿ ತನಕ ದಾಖಲಾಗಿದೆ.

ಠಾಣೆ ಜಿಲ್ಲೆಯ ವಜ್ರೇಶ್ವರಿ, ಗಣೇಶಪುರಿ ಕಡೆಗೆ ಮುಂಬೈ ಜನ ಶನಿವಾರ, ಭಾನುವಾರ ಮುಗಿಬೀಳುತ್ತಾರೆ. ಇಲ್ಲಿಂದ ಅಷ್ಟು ದೂರ ಹೋಗುವ ಅಗತ್ಯ ಇಲ್ಲ ಎಂಬುದು ನನ್ನ ಅಭಿಪ್ರಾಯ. ಹಿಮಾಚಲದ ಮಣಿಕರಣ್, ಮನಾಲಿ ಪಕ್ಕದ ವಶಿಷ್ಠ, ಲಡಾಖಿನ ಪನಾಮಿಕ್ ಇವೆಲ್ಲ ವಿಮಾನದಲ್ಲಿ ಹೋಗಿ ಅಲ್ಲಿ ಗಾಡಿ ಹಿಡಿಯುವ ಪ್ರವಾಸಗಳು. ಮಣಿಕರಣ್‌ನಲ್ಲಿ ನೀರು ಹೆಚ್ಚುಕಡಿಮೆ ಕುದಿಯುತ್ತಿರುತ್ತದೆ, ಗುರುದ್ವಾರದ ಲಂಗರ್‌ಗೆ ಅನ್ನ ಬೇಯುವುದೇ ಅದರಲ್ಲಿ. ಅವುಗಳ ಸುದ್ದಿ ಇಲ್ಲಿ ಬೇಡ.

ನೀರು ಬಿಸಿಯಾಗುವುದು ಹೇಗೆ?

ನಮ್ಮ ಕರಾವಳಿಯಲ್ಲಿ ಉರಿಯುವ ಜ್ವಾಲಾಮುಖಿ ಯಾವುದೂ ಇಲ್ಲ. ಮಳೆನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕೆ ಇಳಿಯುತ್ತದೆ. ನೆಲದೊಳಗೆ ಒಂದು ಕಿ.ಮೀ. ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಎರಡು ಕಿ.ಮೀ. ಆಳ ಮುಟ್ಟಿದ ನೀರು ಸುಲಭವಾಗಿ 80 ಡಿಗ್ರಿಗೆ ಬಂದುಬಿಡುತ್ತದೆ. ಅದು ದೊಡ್ಡ ಬಿರುಕೊಂದರಲ್ಲಿ ಬೇಗ ಮೇಲೆ ಬಂದರೆ ಬಿಸಿ ಉಳಿಯುತ್ತದೆ. ನಿಧಾನಕ್ಕೆ ಬಂದರೆ, ಇಲ್ಲವೇ ಮೇಲಿನ ತಣ್ಣೀರಿನ ಜೊತೆ ಸೇರಿದರೆ ಆರುತ್ತದೆ.

ಇದನ್ನು ಹೇಳಿದ್ದಕ್ಕೆ ಕಾರಣ ಇದೆ. ಒಂದೇ ಊರಿನಲ್ಲಿ ಅಕ್ಕಪಕ್ಕದ ಎರಡು ಕುಂಡಗಳ ಬಿಸಿ ಬೇರೆ ಬೇರೆ ಇರಬಹುದು. ಮಳೆಗಾಲದಲ್ಲಿ ಆರಿದ್ದ ಕುಂಡ ಜನವರಿಯಲ್ಲಿ ಸುಡಬಹುದು. ಹೋದ ವರ್ಷ ಹೋಗಿದ್ದ ಸ್ನೇಹಿತರು "ಏನೂ ಆಗಲ್ಲ, ಇಳೀರಿ" ಅಂದರೂ ಸರಿ, ಪ್ರತಿ ಕುಂಡವನ್ನೂ ನೀವೇ ನೋಡಿಕೊಂಡು ಇಳಿಯಬೇಕು.

ಯಾವಾಗ?

ನವೆಂಬರ್ ಕೊನೆಯಿಂದ ಫೆಬ್ರುವರಿ ತನಕ. ಬೇಸಿಗೆಯ ಕೊಂಕಣದಲ್ಲಿ ಮೈ ಹೇಗೂ ಬೆವರುತ್ತಿರುತ್ತದೆ, ಅದರ ಮೇಲೆ ಬಿಸಿನೀರು ಯಾರಿಗೆ ಬೇಕು? ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದಲ್ಲಿ ಗುಡ್ಡ ಕುಸಿಯುತ್ತದೆ, ಮಂಜು ಕವಿಯುತ್ತದೆ. ಹೊಳೆ ಪಕ್ಕದ ಬುಗ್ಗೆಗಳಿಗೆ ಕೆಂಪು ನೀರು ನುಗ್ಗುತ್ತದೆ. ಬೇಂದ್ರು ತೀರ್ಥ ಹೊಳೆಯ ದಂಡೆಯಲ್ಲೇ ಇರುವುದರಿಂದ ಮಳೆಗಾಲದಲ್ಲಿ ಅದರ ಆಸೆ ಬಿಡಿ. ಅಮಾವಾಸ್ಯೆ, ಸಂಕ್ರಾಂತಿ, ಶಿವರಾತ್ರಿ ದಿನ ತೀರ್ಥಸ್ನಾನಕ್ಕೆ ಜನ ಸೇರುತ್ತಾರೆ. ಆರಾಮಾಗಿ ಕೂರಬೇಕೆಂದರೆ ವಾರದ ನಡುವೆ ಹೋಗಿ.

ಗಾಡಿ ಮತ್ತು ಕಾಗದ

ಘಟ್ಟ ಇಳಿಯುವ ಗಾಡಿಗೆ ಮೊದಲು ನೋಡಬೇಕಾದ್ದು ಬ್ರೇಕ್. ಟೈರ್, ಸ್ಟೆಪ್ನಿಯ ಗಾಳಿ, ಕೂಲಂಟ್, ವೈಪರ್, ಮಂಜಿಗೆ ಲೈಟ್ ಆಮೇಲೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ಚಟ ಇದ್ದರೆ ಇಲ್ಲಿ ಬಿಡಿ. ಎರಡನೇ ಗೇರ್‌ನಲ್ಲಿ ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕ್ ಕಾದು ಹಿಡಿತ ಬಿಡುವುದು ತಪ್ಪುತ್ತದೆ.

ಇನ್ಶೂರೆನ್ಸ್ ಮತ್ತು ಎಮಿಷನ್ ಸರ್ಟಿಫಿಕೇಟ್ ತಾರೀಖು ನೋಡಿಕೊಳ್ಳಿ. ಸೆಲ್ಫ್ ಡ್ರೈವ್ ಕಾರು ತೆಗೆದುಕೊಂಡಿದ್ದರೆ ಅದನ್ನು ಹೊರರಾಜ್ಯಕ್ಕೆ ಒಯ್ಯಬಹುದೇ ಅಂತ ಮೊದಲೇ ಕೇಳಿ. ಹಳದಿ ಬೋರ್ಡ್ ಗಾಡಿಯಾದರೆ ಪರ್ಮಿಟ್ ಕೇಳಿ. ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ. ಸ್ವಂತ ಕಾರಿನಲ್ಲಿ ವರ್ಷಕ್ಕೆ ನಾಲ್ಕಾರು ಸಲ ದೂರ ಹೋಗುವವರು ವಾರ್ಷಿಕ ಪಾಸ್ ಬಗ್ಗೆ ಯೋಚಿಸಬಹುದು. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ಈ ಪಾಸ್ ಒಂದು ವರ್ಷ ಅಥವಾ 200 ಸಲ ಟೋಲ್ ದಾಟುವ ತನಕ, ಯಾವುದು ಮೊದಲೋ ಅಲ್ಲಿವರೆಗೆ ನಡೆಯುತ್ತದೆ. ರಾಜ್ಯ ಹೆದ್ದಾರಿಯ ಟೋಲ್‌ಗೆ ಅದು ಲೆಕ್ಕಕ್ಕಿಲ್ಲ.

ಬೆಳಗಾವಿ–ಕೊಲ್ಹಾಪುರದ ಗಡಿಯಲ್ಲಿ ಆಗಾಗ ಭಾಷೆಯ ಗಲಾಟೆ ಏಳುತ್ತದೆ, ಎರಡೂ ಕಡೆಯ ಬಸ್ ನಿಲ್ಲುತ್ತವೆ. ಹೊರಡುವ ಹಿಂದಿನ ದಿನ ಸುದ್ದಿ ನೋಡಿ.

ಪುತ್ತೂರಿನ ದಾರಿ

ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಉಪ್ಪಿನಂಗಡಿ, ಪುತ್ತೂರು. ಮುನ್ನೂರು ಕಿ.ಮೀ. ಮೇಲೆ ಸ್ವಲ್ಪ ಆಗುತ್ತದೆ. ಶುಕ್ರವಾರ ಸಂಜೆ ಆಫೀಸ್ ಮುಗಿಸಿ ಹೊರಟರೆ ಗೊರಗುಂಟೆಪಾಳ್ಯ ದಾಟುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತದೆ, ಆಮೇಲೆ ರಾತ್ರಿ ಶಿರಾಡಿ. ಅದಕ್ಕಿಂತ ಶನಿವಾರ ಬೆಳಗ್ಗೆ ಐದಕ್ಕೆ ಹೊರಡಿ, ಹಾಸನದಲ್ಲಿ ತಿಂಡಿ, ಮಧ್ಯಾಹ್ನ ಪುತ್ತೂರಿನಲ್ಲಿ ಊಟ. ಶಿರಾಡಿ ಮುಚ್ಚಿದ್ದರೆ ಮೈಸೂರು, ಮಡಿಕೇರಿ, ಸಂಪಾಜೆ, ಸುಳ್ಯದ ದಾರಿ ಇದೆ. ದೂರ ಸ್ವಲ್ಪ ಜಾಸ್ತಿ, ಆದರೆ ನೋಡಲು ಚೆಂದ.

ಪುತ್ತೂರಿನಿಂದ ಇರ್ದೆ ಸುಮಾರು 15 ಕಿ.ಮೀ. ಕೊನೆಯ ತಿರುವುಗಳಲ್ಲಿ ಮ್ಯಾಪ್ ನಂಬುವುದಕ್ಕಿಂತ ಅಂಗಡಿಯವರನ್ನು ಕೇಳುವುದು ಮೇಲು. ಹೋಟೆಲ್, ಲಾಕರ್, ಬಟ್ಟೆ ಬದಲಿಸುವ ಕೋಣೆ ಇದೆಲ್ಲ ಅಲ್ಲಿ ನಿರೀಕ್ಷಿಸಬೇಡಿ. ಅಡಿಕೆ ತೋಟಗಳ ನಡುವಿನ ಹಳ್ಳಿ ಅದು. ನೀರು ಎಷ್ಟಿದೆ, ಕೆರೆ ಚೊಕ್ಕಟವಾಗಿದೆಯೇ ಅಂತ ಪುತ್ತೂರಿನಲ್ಲೇ ವಿಚಾರಿಸಿ ಹೋಗಿ. ಚೆನ್ನಾಗಿಲ್ಲ ಅಂದರೂ ದಿನ ಹಾಳಾಗುವುದಿಲ್ಲ. ಮಹಾಲಿಂಗೇಶ್ವರ ದೇವಸ್ಥಾನ ಇದೆ, ನೀರುದೋಸೆ ಇದೆ, ಪುನರ್ಪುಳಿ ಶರಬತ್ತು ಇದೆ.

ಕೊಂಕಣದ ಸುತ್ತು

ಮೊದಲ ದಿನ ಬೆಳಗ್ಗೆ ಐದರೊಳಗೆ ತುಮಕೂರು ರಸ್ತೆ ಹಿಡಿಯಿರಿ. ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಬೆಳಗಾವಿ. ಸುಮಾರು 500 ಕಿ.ಮೀ. ದಾವಣಗೆರೆಯಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ಹೋಗಿ ಬೆಣ್ಣೆದೋಸೆ ತಿನ್ನುವಷ್ಟು ಸಮಯ ಇಟ್ಟುಕೊಳ್ಳಿ. ಹುಬ್ಬಳ್ಳಿಯಲ್ಲಿ ಯಾವುದಾದರೂ ಖಾನಾವಳಿ ಹೊಕ್ಕು ರೊಟ್ಟಿ ಊಟ ಮಾಡಿ. ರಾತ್ರಿ ಬೆಳಗಾವಿಯಲ್ಲಿ ಉಳಿಯಿರಿ. ಅದೇ ದಿನ ಘಟ್ಟ ಇಳಿದುಬಿಡೋಣ ಅನ್ನುವ ಹುಮ್ಮಸ್ಸು ಬರುತ್ತದೆ. ಕತ್ತಲಲ್ಲಿ ಆಂಬೋಲಿ ಇಳಿಯಬೇಡಿ.

ಎರಡನೇ ದಿನ ಬೆಳಗಾವಿಯಿಂದ ಆಂಬೋಲಿ ಘಾಟ್ ಇಳಿದರೆ ಸಾವಂತವಾಡಿ. ಅಲ್ಲಿಂದ 66ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಕುಡಾಳ, ಕಣಕವಲಿ, ಖಾರೇಪಾಟಣ, ರಾಜಾಪುರ. ಒಟ್ಟು 200 ಕಿ.ಮೀ. ಲೆಕ್ಕ ಹಾಕಿ. ಮಧ್ಯಾಹ್ನ ಮೂರರ ಹೊತ್ತಿಗೆ ರಾಜಾಪುರ ಸೇರಿ, ಲಾಡ್ಜ್‌ನಲ್ಲಿ ಸಾಮಾನು ಇಳಿಸಿ, ಆಮೇಲೆ ಉನ್ಹಾಳೆಗೆ ಹೋಗಿ. ಸ್ನಾನ ಮುಗಿಸಿ ಮತ್ತೆ ದೂರ ಓಡಿಸುವ ಕೆಲಸ ಇಟ್ಟುಕೊಳ್ಳಬಾರದು ಎಂಬ ಲೆಕ್ಕದಲ್ಲೇ ಈ ಸಮಯ ಹೇಳಿದ್ದು. ಕಾರಣ ಮುಂದೆ ಬರುತ್ತದೆ.

ರಾಜಾಪುರದಲ್ಲಿ ಇನ್ನೊಂದು ವಿಚಿತ್ರ ಇದೆ. ಗುಡ್ಡದ ಮೇಲೆ 14 ಕುಂಡಗಳಿವೆ. ವರ್ಷಗಟ್ಟಲೆ ಒಣಗಿರುತ್ತವೆ, ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಇದ್ದಕ್ಕಿದ್ದ ಹಾಗೆ ನೀರು ಬರುತ್ತದೆ. ಗಂಗೆ ಬಂದಳು ಅಂತ ಊರೂರಿಂದ ಜನ ಬರುತ್ತಾರೆ. ಈ ಲೆಕ್ಕ ಒಮ್ಮೊಮ್ಮೆ ತಪ್ಪುವುದೂ ಉಂಟು. ನೀವು ಹೋದಾಗ ಗಂಗೆ ಬಂದಿದ್ದರೆ ಅದೃಷ್ಟ, ಆದರೆ ಜನಸಂದಣಿಗೂ ಸಿದ್ಧರಾಗಿ.

ಮೂರನೇ ದಿನ ಹಾತಖಂಬಾ, ಸಂಗಮೇಶ್ವರ ದಾಟಿ ತುರಳ. ಈ ಹೆದ್ದಾರಿಯ ಅಗಲೀಕರಣ ವರ್ಷಗಳಿಂದ ನಡೆಯುತ್ತಲೇ ಇದೆ. ಎಲ್ಲಿ ಡೈವರ್ಷನ್, ಎಲ್ಲಿ ಧೂಳು ಹೇಳಲಾಗದು, ಗಂಟೆಗೆ 40 ಕಿ.ಮೀ. ಅಂತ ಹಿಡಿದುಕೊಳ್ಳಿ. ದಾರಿ ಕೇಳಲು ಒಂದು ಮರಾಠಿ ಮಾತು ಸಾಕು: "ಗರಮ್ ಪಾಣ್ಯಾಚೆ ಕುಂಡ್ ಕುಠೇ ಆಹೇ?" (ಬಿಸಿನೀರಿನ ಕುಂಡ ಎಲ್ಲಿದೆ?) ಸಂಗಮೇಶ್ವರದ ಕಸಬಾದಲ್ಲಿ ಹಳೆಯ ಕರ್ಣೇಶ್ವರ ದೇವಸ್ಥಾನ ಇದೆ, ಅರ್ಧ ಗಂಟೆ ಕೊಡಿ. ರಾತ್ರಿ ರತ್ನಾಗಿರಿ ಅಥವಾ ಗಣಪತಿಪುಳೆ. ಬರ್ಮಾದ ಕೊನೆಯ ದೊರೆ ಥೀಬಾನನ್ನು ಬ್ರಿಟಿಷರು ಸೆರೆಯಿಟ್ಟಿದ್ದ ಅರಮನೆ ರತ್ನಾಗಿರಿಯಲ್ಲೇ ಇದೆ.

ನಾಲ್ಕನೇ ದಿನ ಆಂಬಾ ಘಾಟ್ ಹತ್ತಿ ಕೊಲ್ಹಾಪುರ, ಅಲ್ಲಿಂದ ಬೆಳಗಾವಿ. ಐದನೇ ದಿನ ಮನೆ.

ಬ್ಯಾಗಿನಲ್ಲಿ ಏನಿರಬೇಕು?

ಎಲ್ಲಕ್ಕಿಂತ ಮುಖ್ಯವಾದದ್ದು ಥರ್ಮಾಮೀಟರ್. ಜ್ವರ ನೋಡುವುದಲ್ಲ, ಮಗುವಿನ ಸ್ನಾನದ ನೀರಿಗೋ ಅಡುಗೆಗೋ ಬಳಸುವಂಥದ್ದು. ಅದು 100 ಡಿಗ್ರಿ ತನಕ ತೋರಿಸಿದರೆ ಒಳ್ಳೆಯದು. ಒಂದು ಚೊಂಬು, ಸಾಧ್ಯವಾದರೆ ಮಡಚುವ ಬಕೆಟ್. ಕಲ್ಲು ಜಾರುತ್ತದೆ, ಹಾಗಾಗಿ ಹಿಡಿತ ಇರುವ ರಬ್ಬರ್ ಚಪ್ಪಲಿ. ಹಳೆಯ ಹತ್ತಿ ಬಟ್ಟೆ, ಎರಡು ಟವೆಲ್, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ. ಕುಡಿಯುವ ನೀರು ತಲೆಗೆ ಎರಡು ಲೀಟರ್, ಒಂದೆರಡು ಓಆರ್‌ಎಸ್ ಪೊಟ್ಟಣ. ಹೆಂಗಸರು ಬಟ್ಟೆ ಬದಲಿಸಲು ಒಂದು ದೊಡ್ಡ ಪಂಚೆಯೋ ದುಪ್ಪಟ್ಟವೋ ಇಟ್ಟುಕೊಂಡರೆ ಉಪಯೋಗಕ್ಕೆ ಬರುತ್ತದೆ.

ಬೆಳ್ಳಿ ಕಾಲ್ಗೆಜ್ಜೆ, ಉಡಿದಾರ, ಉಂಗುರ ರೂಮಲ್ಲೇ ಬಿಡಿ. ಗಂಧಕದ ನೀರಿಗೆ ಬೆಳ್ಳಿ ಕಪ್ಪಾಗುತ್ತದೆ.

ಕುಂಡದ ಹತ್ತಿರ

ಬಂದ ತಕ್ಷಣ ಇಳಿಯಬೇಡಿ. ಐದು ನಿಮಿಷ ಸುಮ್ನೆ ನಿಂತು ನೋಡಿ. ಊರಿನವರು ಎಲ್ಲಿ ಸ್ನಾನ ಮಾಡುತ್ತಿದ್ದಾರೆ? ಇಳಿದು ಕೂತಿದ್ದಾರೋ, ಚೊಂಬಿನಲ್ಲಿ ಮೊಗೆದು ಹುಯ್ದುಕೊಳ್ಳುತ್ತಿದ್ದಾರೋ? ಮೊಗೆದುಕೊಳ್ಳುತ್ತಿದ್ದರೆ ನೀರು ಕೂರುವಷ್ಟು ತಣ್ಣಗಿಲ್ಲ ಎಂದರ್ಥ. ಗಂಡಸರು, ಹೆಂಗಸರಿಗೆ ಬೇರೆ ಜಾಗ ಇದೆಯೇ ಕೇಳಿ. ಪಕ್ಕದಲ್ಲಿ ಗುಡಿ ಇದ್ದೇ ಇರುತ್ತದೆ, ಈಜುಡುಗೆಯಲ್ಲಿ ಓಡಾಡುವ ಜಾಗ ಇದಲ್ಲ. ಮೊದಲ ಪ್ರಶ್ನೆಯನ್ನು ಅಲ್ಲಿರುವ ಅಜ್ಜನಿಗೋ ಅಜ್ಜಿಗೋ ಕೇಳಿ. ಅವರಿಗೆ ಯಾವ ಕುಂಡ ಯಾವಾಗ ಸುಡುತ್ತದೆ ಎಂಬುದು ಬಾಯಿಪಾಠ.

ಆಮೇಲೆ ಥರ್ಮಾಮೀಟರನ್ನು ನೀರು ಉಕ್ಕುವ ಕಡೆ ಒಂದು ಸಲ, ಹರಿದು ಹೋಗುವ ಕಡೆ ಒಂದು ಸಲ ಅದ್ದಿ. ಬಿಸಿ ಹೆಚ್ಚಿರುವುದು ಉಕ್ಕುವ ಬಾಯಲ್ಲಿ. 38ರಿಂದ 40 ಡಿಗ್ರಿ ಇದ್ದರೆ ಆರಾಮಾಗಿ ಕೂರಬಹುದು. 41, 42 ಆದರೆ ಗಟ್ಟಿಮುಟ್ಟಾದ ದೊಡ್ಡವರು ಐದು ನಿಮಿಷ ಕೂತು ಏಳಲಿ. ಅದಕ್ಕಿಂತ ಮೇಲಿದ್ದರೆ ಇಳಿಯಲೇಬೇಡಿ, ಬಕೆಟ್‌ನಲ್ಲಿ ತಣ್ಣೀರು ಬೆರೆಸಿ ಹುಯ್ದುಕೊಳ್ಳಿ. 60 ಡಿಗ್ರಿ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ, ಕಾಲು ಹಿಂದೆ ತೆಗೆಯುವಷ್ಟರಲ್ಲಿ ಸುಟ್ಟಿರುತ್ತದೆ. ತುರಳದಂಥ ಕಡೆ ಮಕ್ಕಳ ಕೈ ಬಿಡಬೇಡಿ, ಕುಂಡದ ಅಂಚಿನಲ್ಲಿ ಸೆಲ್ಫಿ ಬೇಡ.

ಥರ್ಮಾಮೀಟರ್ ಇಲ್ಲದಿದ್ದರೆ ಚೊಂಬಿನಲ್ಲಿ ಮೊಗೆದು ಮೊಣಕೈಗೆ ತಾಗಿಸಿ ನೋಡಿ. ಎಳೆಮಗುವಿಗೆ ಸ್ನಾನ ಮಾಡಿಸುವವರು ಮಾಡುವುದೂ ಇದನ್ನೇ. ಅಂಗೈ, ಅಂಗಾಲಿನ ಚರ್ಮ ದಪ್ಪ, ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ.

ಇಳಿಯುವಾಗ ಮೊದಲು ಪಾದ, ಆಮೇಲೆ ಮಂಡಿ, ಸೊಂಟ. ಎದೆ ಮಟ್ಟಕ್ಕೆ ಬಂದ ಮೇಲೆ ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ತಲೆ ಹಗುರಾದರೆ, ಎದೆ ಬಡಿತ ಜೋರಾದರೆ ತಕ್ಷಣ ಹೊರಗೆ ಬಂದು ಕೂತುಕೊಳ್ಳಿ. ಏಳುವುದು ನಿಧಾನಕ್ಕೆ ಇರಲಿ, ಪಟಕ್ಕನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ.

ತಲೆ ಮುಳುಗಿಸಬೇಡಿ. ನಮ್ಮಲ್ಲಿ ತೀರ್ಥ ಎಂದರೆ ಮೂರು ಮುಳುಗು ಹಾಕುವುದೇ ರೂಢಿ, ಹಾಗಾಗಿ ಈ ಮಾತು ಹಿರಿಯರಿಗೆ ಹಿಡಿಸುವುದಿಲ್ಲ. ಆದರೆ ಕಾರಣ ಗಟ್ಟಿಯಿದೆ. ಬೆಚ್ಚಗಿನ ಸಿಹಿನೀರಿನಲ್ಲಿ ನೆಗ್ಲೇರಿಯಾ ಎಂಬ ಅಮೀಬಾ ಇರಬಹುದು. ನೀರು ಮೂಗಿನ ಮೂಲಕ ಮೇಲೇರಿದರೆ ಅದು ಮಿದುಳಿಗೆ ಹೋಗುತ್ತದೆ. ಬರುವುದು ಬಹಳ ಅಪರೂಪ, ಬಂದರೆ ಬದುಕುವುದೂ ಅಪರೂಪ. 2025ರಲ್ಲಿ ಕೇರಳದಲ್ಲಿ ಇಂಥ ಮಿದುಳು ಜ್ವರದ ಪ್ರಕರಣಗಳು ದೊಡ್ಡ ಸುದ್ದಿಯಾಗಿದ್ದವು. ಮುಳುಗಲೇಬೇಕು ಎನ್ನುವವರು ಮೂಗು ಬಿಗಿಯಾಗಿ ಹಿಡಿದು ಮುಳುಗಲಿ. ಹಳೆಯ ಕಾಲದವರು ಹಾಗೇ ಮುಳುಗುತ್ತಿದ್ದರು ಅಲ್ವಾ? ಇಲ್ಲದಿದ್ದರೆ ಹೆಗಲ ಮೇಲೆ ಮೂರು ಚೊಂಬು ಹುಯ್ದುಕೊಂಡರೂ ಸ್ನಾನವೇ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಬಯಲಿನಲ್ಲಿ ತೊಂದರೆ ಇಲ್ಲ. ನಾಲ್ಕೂ ಕಡೆ ಗೋಡೆ ಕಟ್ಟಿ, ಕಿಟಕಿಯಿಲ್ಲದೆ ಮುಚ್ಚಿದ ಸ್ನಾನದ ಮನೆಯಲ್ಲಿ ಈ ವಾಸನೆ ಗಾಢವಾಗಿದ್ದರೆ ಒಳಗೆ ಹೋಗಬೇಡಿ. ಈ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಮೂಗು ಸ್ವಲ್ಪ ಹೊತ್ತಿಗೆ ಅದಕ್ಕೆ ಹೊಂದಿಕೊಂಡುಬಿಡುವುದರಿಂದ ವಾಸನೆ ಹೋಯಿತು ಅಂತ ಅನ್ನಿಸುತ್ತದೆ, ಹೋಗಿರುವುದಿಲ್ಲ.

ಸೋಪು, ಶಾಂಪೂ, ಎಣ್ಣೆ ನೀರಿಗೆ ತಾಗಿಸಬೇಡಿ. ಊರಿನವರೇ ಸೋಪು ಹಾಕುತ್ತಿದ್ದರೂ ನೀವು ಹಾಕಬೇಡಿ. ನೀರನ್ನು ಕುಡಿಯುವುದೂ ಬೇಡ. ಆಳದ ಬಂಡೆಯಿಂದ ಬರುವ ಬಿಸಿನೀರಿನಲ್ಲಿ ಫ್ಲೋರೈಡ್‌ನಂಥವು ಜಾಸ್ತಿ ಇರಬಹುದು. ಚರ್ಮರೋಗ ಪೂರ್ತಿ ವಾಸಿಯಾಗುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಮೈಕೈ ನೋವು ಇಳಿಯುವುದು, ಬಿಗಿದ ಸ್ನಾಯು ಸಡಿಲವಾಗುವುದು ನಿಜ. ಅದರಾಚೆಗಿನ ಮಾತಿಗೆ ಔಷಧಿ ನಿಲ್ಲಿಸಬೇಡಿ.

ಯಾರು ಇಳಿಯಬಾರದು?

ಬಸುರಿ ಹೆಂಗಸರು, ಹೃದಯದ ತೊಂದರೆ ಇರುವವರು, ಬಿಪಿ ಹತೋಟಿಯಲ್ಲಿ ಇಲ್ಲದವರು, ಜ್ವರ ಅಥವಾ ತೆರೆದ ಗಾಯ ಇರುವವರು ದಡದಲ್ಲೇ ಕೂರಲಿ. ಕುಡಿದವರೂ ಅಷ್ಟೇ. ಸಕ್ಕರೆ ಕಾಯಿಲೆ ಹಳೆಯದಾದವರ ಬಗ್ಗೆ ವಿಶೇಷ ಎಚ್ಚರ ಬೇಕು. ಕಾಲಿನ ನರ ಮರಗಟ್ಟಿದ್ದರೆ ಪಾದ ಸುಡುತ್ತಿದ್ದರೂ ಗೊತ್ತಾಗುವುದಿಲ್ಲ, ಆ ಗಾಯ ಬೇಗ ಒಣಗುವುದೂ ಇಲ್ಲ. ಅಪ್ಪ, ಅಮ್ಮನನ್ನು ಕರೆದುಕೊಂಡು ಹೋಗುವವರು ಈ ಒಂದು ಪ್ರಶ್ನೆಯನ್ನು ಹೊರಡುವ ಮುಂಚೆ ಅವರ ಡಾಕ್ಟರಿಗೆ ಕೇಳಿ. ಸಣ್ಣ ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಅವರಿಗೆ ಬೆಚ್ಚಗಿನ ನೀರಲ್ಲಿ ಐದು ನಿಮಿಷ ಸಾಕು.

ಆದ ಮೇಲೆ

ಬಿಸಿನೀರಿನಲ್ಲಿ ಕೂತಾಗ ರಕ್ತನಾಳಗಳು ಹಿಗ್ಗಿ ಬಿಪಿ ಇಳಿಯುತ್ತದೆ. ಹೊರಗೆ ಬಂದ ಮೇಲೆ ಮೈ ಸಡಿಲ, ಕಣ್ಣು ಎಳೆಯುತ್ತದೆ. ಸ್ಟಿಯರಿಂಗ್ ಹಿಡಿಯಲು ಇದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ. ಹಾಗಾಗಿಯೇ ಉನ್ಹಾಳೆಯ ಸ್ನಾನವನ್ನು ದಿನದ ಕೊನೆಗೆ, ರೂಮಿನ ಹತ್ತಿರ ಇಟ್ಟದ್ದು. ಓಡಿಸಲೇಬೇಕಾದರೆ ಒಂದು ಗಂಟೆ ನೆರಳಲ್ಲಿ ಕೂತು ನೀರು ಕುಡಿಯಿರಿ, ಉಪ್ಪು ಹಾಕಿದ ಕೋಕಂ ಶರಬತ್ತು ಸಿಕ್ಕರೆ ಇನ್ನೂ ಒಳ್ಳೆಯದು. ಎರಡನೇ ಡ್ರೈವರ್ ಇದ್ದರೆ ಅವರು ಆ ದಿನ ಇಳಿಯದೇ ಇರಲಿ. ಸ್ನಾನದ ಮುಂಚೆ ಹೊಟ್ಟೆ ತುಂಬ ಊಟ ಬೇಡ, ಆದ ಮೇಲೆ ಧಾರಾಳವಾಗಿ ಮಾಡಿ.

ರೂಮಿಗೆ ಬಂದು ಮಾಮೂಲಿ ನೀರಿನಲ್ಲಿ ಒಂದು ಸಲ ಮೈ ತೊಳೆಯಿರಿ, ಇಲ್ಲದಿದ್ದರೆ ಚರ್ಮ ಒಣಗಿ ತುರಿಸುತ್ತದೆ. ಮನೆಗೆ ಬಂದು ಎರಡು ವಾರದೊಳಗೆ ಯಾರಿಗಾದರೂ ಜೋರು ತಲೆನೋವು, ಜ್ವರ, ವಾಂತಿ, ಕತ್ತು ಬಿಗಿತ ಶುರುವಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಬಿಸಿನೀರಿನ ಕುಂಡದಲ್ಲಿ ಇಳಿದಿದ್ದೆವು ಎಂಬುದನ್ನು ಮೊದಲೇ ಹೇಳಿ. ಡಾಕ್ಟರು ತಾವಾಗಿ ಅದನ್ನು ಊಹಿಸುವುದು ಕಷ್ಟ.

ಹೇಳಿದರೂ ಕೇಳದೆ ಯಾರೋ ಒಬ್ಬರು ಕಾಲ್ಗೆಜ್ಜೆ ಹಾಕಿಕೊಂಡೇ ಇಳಿದಿರುತ್ತಾರೆ. ಒಂದು ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಕಪ್ಪಾದ ಬೆಳ್ಳಿಯನ್ನು ಅದಕ್ಕೆ ತಾಗುವ ಹಾಗೆ ಇಡಿ. ಮೇಲೆ ಎರಡು ಚಮಚ ಅಡುಗೆ ಸೋಡಾ ಹಾಕಿ, ಕುದಿನೀರು ಹುಯ್ಯಿರಿ. ಕೆಲವು ನಿಮಿಷದಲ್ಲಿ ಕಪ್ಪು ಬಿಡುತ್ತದೆ. ಮುತ್ತು, ಹರಳು ಕೂರಿಸಿದ ಒಡವೆಗೆ ಮಾತ್ರ ಇದನ್ನು ಮಾಡಬೇಡಿ, ಅಕ್ಕಸಾಲಿಗರ ಹತ್ತಿರ ಒಯ್ಯಿರಿ.